ಮೂಲ ಮಾದರಿ ಮತ್ತು ಅದರ ಸಂತತಿ: ಭದ್ರಾವತಿ-ಶಿವಮೊಗ್ಗ ಎರಕದ ಪರಂಪರೆಯ ಹಿನ್ನೆಲೆಯಲ್ಲಿ ಕ್ಯಾಡ್ ಬಿಡಿಭಾಗ ಕುಟುಂಬಗಳ ಪರಿಷ್ಕರಣೆ

ವೃತ್ತಿ ಜಾನಪದದ ಅಧ್ಯಯನವು ಕುಂಬಾರನ ತಿಗರಿ, ಕಮ್ಮಾರನ ಕುಲುಮೆ, ನೇಕಾರನ ಮಗ್ಗಗಳವರೆಗೆ ಬಂದು ನಿಲ್ಲುವುದು ವಾಡಿಕೆ. ಕಾರ್ಖಾನೆಯ ಬಾಗಿಲನ್ನು ದಾಟಿದೊಡನೆ ಅದು ತಂತ್ರಜ್ಞಾನದ ವಿಷಯ, ಜಾನಪದದ್ದಲ್ಲ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆದರೆ ಅಳತೆ, ಗುರುತು, ಹೆಸರು, ತಿದ್ದುಪಡಿಗಳು ಕೈಯಿಂದ ಕೈಗೆ ಹರಿದುಬರುವ ಕಡೆಯಲ್ಲೆಲ್ಲ ಜಾನಪದಕ್ಕೆ ಕೆಲಸವಿರುತ್ತದೆ. ಭದ್ರಾವತಿ ಮತ್ತು ಶಿವಮೊಗ್ಗ ನಗರಗಳ ಎರಕದ ಕಸುಬು ಇದಕ್ಕೆ ತಕ್ಕ ನಿದರ್ಶನವಾಗಿದೆ. ಮರದ ಪ್ಯಾಟರ್ನಿನಿಂದ ಗಣಕದ ಕಡತಕ್ಕೆ ಸಾಗಿದ ಈ ಕಸುಬಿನಲ್ಲಿ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ: ಮೂಲ ಮಾದರಿಯು ಬದಲಾದಾಗ ಅದರಿಂದ ಹುಟ್ಟಿದ ರೂಪಗಳ ಗತಿಯೇನು? ಕ್ಯಾಡ್ ದತ್ತಾಂಶ ನಿರ್ವಹಣೆಯಲ್ಲಿ ಈ ಪ್ರಶ್ನೆಗೆ ರೂಢಿಗೊಂಡಿರುವ ಕ್ರಮವನ್ನು ವಿವರಿಸಿ, ಅದರ ಮಿತಿಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಕದ ನೆಲೆ

ಹಿಂದೆ ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯು 1923ರ ಜನವರಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯಿಂದ ತೆಗೆದ ಇದ್ದಿಲಿನಲ್ಲಿ ಕರಗಿಸುವುದು ಅದರ ಮೊದಲ ಪದ್ಧತಿಯಾಗಿತ್ತು. ಎರಕದ ಕಬ್ಬಿಣದ ಕೊಳವೆಗಳು ಅಲ್ಲಿನ ಆರಂಭಿಕ ಉತ್ಪನ್ನಗಳಲ್ಲಿ ಸೇರಿದ್ದವು. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಈ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನಗೊಂಡಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರವು ಹೊರಬಿದ್ದಿತು. ಈ ನಡುವೆ ಶಿವಮೊಗ್ಗದಲ್ಲಿಯೂ, ಎರಡು ನಗರಗಳ ನಡುವಣ ಮಾಚೇನಹಳ್ಳಿಯಲ್ಲಿಯೂ ಖಾಸಗಿ ಫೌಂಡ್ರಿಗಳು ನೆಲೆಯೂರಿ, ಎರಕದ ಕಸುಬು ಈ ಭಾಗದ ಜೀವನದ ಅಂಗವಾಯಿತು.

ಎರಕದ ಮೂಲ ಸಾಧನ ಪ್ಯಾಟರ್ನು. ಮರಳಿನಲ್ಲಿ ಇದರ ಅಚ್ಚನ್ನೊತ್ತಿ, ಉಂಟಾದ ಕುಳಿಗೆ ಕರಗಿದ ಲೋಹವನ್ನು ಹೊಯ್ಯಲಾಗುತ್ತದೆ. ಲೋಹವು ಆರುವಾಗ ಕುಗ್ಗುವುದರಿಂದ ಪ್ಯಾಟರ್ನು ಸಿದ್ಧವಸ್ತುವಿಗಿಂತ ದೊಡ್ಡದಿರಬೇಕು. ಬೂದು ಎರಕದ ಕಬ್ಬಿಣವು ಸುಮಾರು ನೂರಕ್ಕೆ 1ರಷ್ಟು, ಉಕ್ಕು ಸುಮಾರು ನೂರಕ್ಕೆ 2ರಷ್ಟು ಕುಗ್ಗುತ್ತದೆ. 340 ಮಿ.ಮೀ. ವ್ಯಾಸದ ವಸ್ತುವಿಗೆ ಕಬ್ಬಿಣದಲ್ಲಾದರೆ ಸುಮಾರು 343.4 ಮಿ.ಮೀ., ಉಕ್ಕಿನಲ್ಲಾದರೆ ಸುಮಾರು 346.8 ಮಿ.ಮೀ. ಪ್ಯಾಟರ್ನು ಬೇಕಾಗುತ್ತದೆ. ಇದರ ಮೇಲೆ ಯಂತ್ರದಲ್ಲಿ ತುರಿದು ತೆಗೆಯಲು ಬಿಡುವ ಹೆಚ್ಚುವರಿ ದಪ್ಪ ಮತ್ತು ಮರಳು ಕೆಡದಂತೆ ಮೇಲೆತ್ತಲು ಪಕ್ಕಗಳಿಗೆ ಕೊಡುವ ಇಳಿಜಾರು ಸೇರುತ್ತವೆ. ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗೀರು ಹಾಕಿದ ಅಳತೆಪಟ್ಟಿಯು ಪ್ಯಾಟರ್ನು ಮಾಡುವ ಬಡಗಿಯ ವಿಶೇಷ ಉಪಕರಣವಾಗಿತ್ತು.

2. ಕೋಷ್ಟಕದಿಂದ ಹುಟ್ಟುವ ಕುಟುಂಬ

ರೇಖೆಗಳ ನಡುವಣ ಸಂಬಂಧವನ್ನೇ ಗಣಕಕ್ಕೆ ತಿಳಿಸಬಹುದೆಂಬುದನ್ನು ಐವನ್ ಸದರ್ಲೆಂಡ್ 1963ರಲ್ಲಿ 'ಸ್ಕೆಚ್‌ಪ್ಯಾಡ್' ಮೂಲಕ ತೋರಿಸಿಕೊಟ್ಟರು. 1980ರ ದಶಕದ ಕೊನೆಯಲ್ಲಿ ಬಂದ 'ಪ್ರೊ/ಎಂಜಿನಿಯರ್' ತಂತ್ರಾಂಶವು ಈ ವಿಧಾನವನ್ನು ಕೈಗಾರಿಕೆಯ ದೈನಂದಿನ ಬಳಕೆಗೆ ತಂದಿತು. ಇಲ್ಲಿ ಅಳತೆಯು ನಕ್ಷೆಯ ಮೇಲೆ ಬರೆದ ಅಂಕಿಯಷ್ಟೇ ಅಲ್ಲ, ಆಕಾರವನ್ನು ನಿಯಂತ್ರಿಸುವ ಚರ. ಅಂಕಿಯನ್ನು ಬದಲಿಸಿದರೆ ಆಕಾರವೂ ಬದಲಾಗುತ್ತದೆ.

ಇದರ ಸಹಜ ಬೆಳವಣಿಗೆಯೇ ಬಿಡಿಭಾಗಗಳ ಕುಟುಂಬ. ಕೊಳವೆಗಳನ್ನು ಜೋಡಿಸುವ ಫ್ಲ್ಯಾಂಜನ್ನು ಉದಾಹರಣೆಯಾಗಿ ನೋಡಬಹುದು. ಮೂಲ ಮಾದರಿ ಒಂದೇ. ಅದರೊಡನೆ ಒಂದು ಕೋಷ್ಟಕವಿದ್ದು, ಅದರ ಕಂಬಸಾಲುಗಳಲ್ಲಿ ಹೊರವ್ಯಾಸ, ದಪ್ಪ, ಬೋಲ್ಟ್ ರಂಧ್ರಗಳ ಸಂಖ್ಯೆ ಮೊದಲಾದ ಚರಗಳೂ, ಅಡ್ಡಸಾಲುಗಳಲ್ಲಿ 100, 150, 200 ಮಿ.ಮೀ. ಮುಂತಾದ ಸದಸ್ಯಗಳೂ ಇರುತ್ತವೆ. ಆಟೊಡೆಸ್ಕ್ ಇನ್ವೆಂಟರ್‌ನಲ್ಲಿ ಕೋಷ್ಟಕದಿಂದ ಹೊರಬರುವ ಪ್ರತಿ ಸದಸ್ಯವೂ ಪ್ರತ್ಯೇಕ ಕಡತವಾಗಿರುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಸದಸ್ಯಗಳೆಲ್ಲ ಒಂದೇ ಕಡತದೊಳಗಿನ ರೂಪಗಳಾಗಿರಬಹುದು. ಮೊದಲನೆಯ ಪದ್ಧತಿಯಲ್ಲಿ ಮೂಲವನ್ನು ತಿದ್ದಿದರೂ ಸದಸ್ಯ ಕಡತಗಳು ಮರಳಿ ಉತ್ಪಾದಿಸುವವರೆಗೆ ಹಳೆಯ ರೂಪದಲ್ಲಿಯೇ ಉಳಿಯುತ್ತವೆ. ಎರಡನೆಯದರಲ್ಲಿ ಒಂದು ಸದಸ್ಯಕ್ಕಾಗಿ ಮಾಡಿದ ತಿದ್ದುಪಡಿಯು ಕಡತವನ್ನು ಹಂಚಿಕೊಂಡ ಎಲ್ಲ ಸದಸ್ಯಗಳ ಆವೃತ್ತಿಯನ್ನೂ ಏರಿಸುತ್ತದೆ.

3. ಪರಿಷ್ಕರಣೆಯ ತೊಡಕು

ದತ್ತಾಂಶ ನಿರ್ವಹಣಾ ತಂತ್ರಾಂಶವು ಕಡತಗಳ ಭಂಡಾರವೂ ಹೌದು, ಕಾವಲುಗಾರನೂ ಹೌದು. ಒಬ್ಬರು ಕಡತವನ್ನು ತಿದ್ದಲು ಪಡೆದಾಗ ಇತರರು ಅದನ್ನು ತಿದ್ದದಂತೆ ತಡೆಯುತ್ತದೆ. ಮರಳಿಸಿದಾಗಲೆಲ್ಲ ಹೊಸ ಆವೃತ್ತಿಯನ್ನು ದಾಖಲಿಸುತ್ತದೆ. ಈ ಆವೃತ್ತಿಗೂ ಪರಿಷ್ಕರಣೆಗೂ ವ್ಯತ್ಯಾಸವಿದೆ. ಆವೃತ್ತಿಯು ಕೆಲಸದ ನಡುವಿನ ಹೆಜ್ಜೆಗುರುತು. ಪರಿಷ್ಕರಣೆಯಾದರೋ ಅಧಿಕೃತವಾಗಿ ಬಿಡುಗಡೆಯಾಗಿ, ಫೌಂಡ್ರಿಯೂ ಗ್ರಾಹಕನೂ ನೆಚ್ಚಿಕೊಳ್ಳುವ ರೂಪ. ಬಿಡುಗಡೆಯಾದ ಕಡತವು ಸಾಮಾನ್ಯವಾಗಿ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಮೇಲಿನ ಫ್ಲ್ಯಾಂಜ್ ಕುಟುಂಬವನ್ನು ಐರೋಪ್ಯ ಮಾನಕದ ಪಿಎನ್ 10 ಒತ್ತಡದ ವರ್ಗದಿಂದ ಪಿಎನ್ 16ಕ್ಕೆ ಏರಿಸಬೇಕಾಗಿ ಬಂದಿತೆಂದು ಇಟ್ಟುಕೊಳ್ಳಬಹುದು. 100 ಮತ್ತು 150 ಮಿ.ಮೀ. ಗಾತ್ರಗಳಲ್ಲಿ ಎರಡೂ ವರ್ಗಗಳ ಜೋಡಣೆಯ ಅಳತೆಗಳು ಒಂದೇ. ಎರಡರಲ್ಲಿಯೂ 8 ರಂಧ್ರಗಳು. 200 ಮಿ.ಮೀ. ಗಾತ್ರದಲ್ಲಿ ಹೊರವ್ಯಾಸ 340 ಮಿ.ಮೀ., ರಂಧ್ರವೃತ್ತದ ವ್ಯಾಸ 295 ಮಿ.ಮೀ. ಆಗಿಯೇ ಉಳಿದರೂ ರಂಧ್ರಗಳು 8ರಿಂದ 12ಕ್ಕೆ ಏರುತ್ತವೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ ವಸ್ತು. ಒಂದರ ಮೇಲೊಂದನ್ನು ಹೇಗೆ ತಿರುಗಿಸಿ ಇಟ್ಟರೂ ಹೆಚ್ಚೆಂದರೆ 4 ರಂಧ್ರಗಳು ಮಾತ್ರ ಹೊಂದುತ್ತವೆ. ಕೋಷ್ಟಕದ ಒಂದೇ ತಿದ್ದುಪಡಿ ಎರಡು ಸದಸ್ಯಗಳನ್ನು ಮುಟ್ಟಲಿಲ್ಲ, ಮೂರನೆಯದನ್ನು ಬೇರೆಯೇ ವಸ್ತುವನ್ನಾಗಿ ಮಾಡಿತು. ಹಳೆಯ ಸಂಖ್ಯೆಯಲ್ಲಿಯೇ ಹೊಸ 200 ಮಿ.ಮೀ. ಫ್ಲ್ಯಾಂಜನ್ನು ಬಿಡುಗಡೆ ಮಾಡಿದರೆ, ಹಿಂದಿನ ಕೊಳವೆಗೆ ಬದಲಿ ಭಾಗವನ್ನು ತರಿಸಿದವನ ಕೈಗೆ ಹೊಂದದ ವಸ್ತು ಸೇರುತ್ತದೆ. ಕುಟುಂಬವನ್ನು ಒಟ್ಟಾಗಿ ಪರಿಷ್ಕರಿಸುವ ಸೌಲಭ್ಯವೇ ಇಲ್ಲಿ ದೋಷದ ದಾರಿಯಾಗುವುದು ಗಮನಾರ್ಹ.

4. ಅನುಸರಿಸಬೇಕಾದ ಕ್ರಮ

ಮೊದಲು, ಪ್ರತಿ ಸದಸ್ಯವೂ ಯಾವ ಜೋಡಣೆಗಳಲ್ಲಿ, ಯಾವ ನಕ್ಷೆಗಳಲ್ಲಿ ಬಳಕೆಯಾಗಿದೆ ಎಂಬುದನ್ನು ಭಂಡಾರದಿಂದ ತಿಳಿಯಬೇಕು. ಎರಡನೆಯದಾಗಿ, ಸದಸ್ಯಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬೇಕು: ಬದಲಾಗದವು, ಬದಲಾದರೂ ಹಳೆಯದರ ಸ್ಥಾನದಲ್ಲಿ ನಿಲ್ಲಬಲ್ಲವು, ನಿಲ್ಲಲಾರದವು. ಮೊದಲನೆಯ ಗುಂಪನ್ನು ಮುಟ್ಟಬೇಕಿಲ್ಲ, ಎರಡನೆಯದಕ್ಕೆ ಹೊಸ ಪರಿಷ್ಕರಣೆ ಸಾಕು, ಮೂರನೆಯದಕ್ಕೆ ಹೊಸ ಸಂಖ್ಯೆಯೇ ಬೇಕು. ಆಕಾರ, ಜೋಡಣೆ, ಕಾರ್ಯ ಈ ಮೂರರಲ್ಲಿ ಯಾವುದು ಕೆಟ್ಟರೂ ಪರಸ್ಪರ ಬದಲಿಕೆ ಸಾಧ್ಯವಿಲ್ಲವೆಂಬುದು ಎಂಜಿನಿಯರಿಂಗ್‌ನಲ್ಲಿ ಒಪ್ಪಿತವಾದ ಒರೆಗಲ್ಲು. ಈ ವಿಂಗಡಣೆಯು ಮನುಷ್ಯನ ವಿವೇಚನೆಗೆ ಸೇರಿದ್ದು; ತಂತ್ರಾಂಶವು ಅದನ್ನು ಮಾಡಲಾರದು.

ಮೂರನೆಯದಾಗಿ, ಮೂಲ ಮಾದರಿಯನ್ನೂ ಬದಲಾಗುವ ಸದಸ್ಯಗಳನ್ನೂ ಒಟ್ಟಿಗೆ ತಿದ್ದಲು ಪಡೆದು, ಕೋಷ್ಟಕವನ್ನು ತಿದ್ದಿ, ಸದಸ್ಯಗಳನ್ನು ಮರಳಿ ಉತ್ಪಾದಿಸಬೇಕು. ಮೂಲವನ್ನು ಮಾತ್ರ ಮರಳಿಸಿದರೆ ಭಂಡಾರದಲ್ಲಿ ಹೊಸ ಮೂಲ, ಹಳೆಯ ಸಂತತಿ ಒಟ್ಟಿಗಿದ್ದು ಗೊಂದಲವಾಗುತ್ತದೆ. ಸದಸ್ಯದ ಕಡತದ ಹೆಸರನ್ನು ಕೋಷ್ಟಕದಲ್ಲಿ ಬದಲಿಸಿದರೆ ಹೊಸ ಕಡತವು ಹುಟ್ಟುತ್ತದೆಯೇ ಹೊರತು ಹಳೆಯದರ ಹೆಸರು ಬದಲಾಗದು. ಹಿಂದಿನ ಜೋಡಣೆಗಳು ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ನಾಲ್ಕನೆಯದಾಗಿ, ಕೋಷ್ಟಕದ ಅತಿ ಸಣ್ಣ ಮತ್ತು ಅತಿ ದೊಡ್ಡ ಸದಸ್ಯಗಳನ್ನು ತೆರೆದು ಪರಿಶೀಲಿಸಬೇಕು, ಏಕೆಂದರೆ ಚರಗಳ ಸಂಬಂಧವು ಮೊದಲು ಮುರಿಯುವುದು ಅಂಚಿನ ಗಾತ್ರಗಳಲ್ಲಿ. ಕೊನೆಯದಾಗಿ, ನಕ್ಷೆಗಳನ್ನು ಹೊಸದಾಗಿಸಿ, ಎಲ್ಲವನ್ನೂ ಒಂದೇ ಬದಲಾವಣೆಯ ಆದೇಶದಡಿ ಬಿಡುಗಡೆ ಮಾಡಬೇಕು. ಹಳೆಯ ಪರಿಷ್ಕರಣೆಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಫೌಂಡ್ರಿಯಲ್ಲಿ ಇನ್ನೊಂದು ಹೆಜ್ಜೆಯಿದೆ. ಬೋಲ್ಟ್ ರಂಧ್ರಗಳನ್ನು ಎರಕದ ನಂತರ ಕೊರೆಯುವಲ್ಲಿ, ದಪ್ಪವೂ ಬದಲಾಗದಿದ್ದರೆ, ಪ್ಯಾಟರ್ನು ಹಳೆಯದೇ ಸಾಕು. ಆದ್ದರಿಂದ ಸಿದ್ಧವಸ್ತುವಿನ ಕುಟುಂಬವೂ ಪ್ಯಾಟರ್ನಿನ ಕುಟುಂಬವೂ ಒಂದಕ್ಕೊಂದು ಹೊಂದಿಕೊಂಡಿದ್ದರೂ ಬೇರೆಬೇರೆ ಸಂಖ್ಯೆಗಳಲ್ಲಿ ನಡೆಯಬೇಕು. ಉಗ್ರಾಣದ ಪ್ಯಾಟರ್ನಿನ ಮೇಲಿನ ಗುರುತು ಯಾವ ಪರಿಷ್ಕರಣೆಗೆ ಸೇರಿದ್ದೆಂಬುದು ಭಂಡಾರದಲ್ಲಿಯೂ ದಾಖಲಾಗಬೇಕು.

5. ಜಾನಪದದ ಅನುಭವ

ಈ ಸಮಸ್ಯೆ ಜಾನಪದ ವಿದ್ವಾಂಸರಿಗೆ ಅಪರಿಚಿತವಲ್ಲ. ಆಂಟಿ ಆರ್ನೆ 1910ರಲ್ಲಿ ಸಿದ್ಧಪಡಿಸಿದ ಕಥಾವರ್ಗಗಳ ಸೂಚಿಯನ್ನು ಸ್ಟಿತ್ ಥಾಂಪ್ಸನ್ 1928 ಮತ್ತು 1961ರಲ್ಲಿ ವಿಸ್ತರಿಸಿದರು. ಹಾನ್ಸ್-ಯೋರ್ಗ್ ಉಥರ್ 2004ರಲ್ಲಿ ಅದನ್ನು ಪರಿಷ್ಕರಿಸಿದರು. ಪರಿಷ್ಕರಣೆಯಲ್ಲಿ ಕೆಲವು ವರ್ಗಗಳು ಬೇರೊಂದರಲ್ಲಿ ಸೇರಿಹೋದರೂ, ಹಳೆಯ ಸಂಖ್ಯೆಯಿಂದ ಹೊಸದಕ್ಕೆ ದಾರಿ ತೋರುವ ಸೂಚನೆಗಳನ್ನು ಉಳಿಸಿಕೊಳ್ಳಲಾಯಿತು. ಹಿಂದಿನ ಸಂಗ್ರಹಗಳಲ್ಲಿ ನಮೂದಾದ ಸಂಖ್ಯೆಗಳು ಅನಾಥವಾಗಬಾರದೆಂಬುದೇ ಇದರ ಹಿಂದಿನ ಕಾಳಜಿ. ಬಿಡಿಭಾಗದ ಸಂಖ್ಯೆಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಆದರೆ ಒಂದು ಮುಖ್ಯ ಭೇದವಿದೆ. ಮೌಖಿಕ ಪರಂಪರೆಯಲ್ಲಿ ಪ್ರತಿ ಪಾಠವೂ ಸ್ವತಂತ್ರ. ಪಾಠಗಳನ್ನು ಹೋಲಿಸಿ ಮೂಲವನ್ನು ಊಹಿಸಲಾಗುತ್ತದೆ. ಕೋಷ್ಟಕದ ಕುಟುಂಬದಲ್ಲಿ ಮೂಲವೇ ಅಧಿಪತಿ. ಪ್ಯಾಟರ್ನು ಮಾಡುವವನು ಒಂದು ಗಾತ್ರದಲ್ಲಿ ಎರಕವು ಸೊಟ್ಟಗಾಗುವುದನ್ನು ಕಂಡು ಮರವನ್ನು ಕೊಂಚ ಕೆತ್ತಿ ಸರಿಪಡಿಸಿದರೆ, ಅದು ಆ ಪ್ಯಾಟರ್ನಿನ ಮೈಮೇಲೆ ಮಾತ್ರ ಉಳಿಯುತ್ತದೆ. ಪರಿಷ್ಕೃತ ಕೋಷ್ಟಕದಿಂದ ಹೊಸ ಪ್ಯಾಟರ್ನನ್ನು ಯಂತ್ರದಲ್ಲಿ ಕೆತ್ತಿಸಿದಾಗ ಆ ತಿದ್ದುಪಡಿ ಮಾಯವಾಗುತ್ತದೆ, ಹಳೆಯ ದೋಷ ಮರಳುತ್ತದೆ. ಇದನ್ನು ತಡೆಯುವ ಉಪಾಯ ಸರಳವಾದುದು: ಸದಸ್ಯವಾರು ತಿದ್ದುಪಡಿಗೆ ಕೋಷ್ಟಕದಲ್ಲಿಯೇ ಒಂದು ಕಂಬಸಾಲನ್ನೂ, ಅದರ ಕಾರಣಕ್ಕೆ ಇನ್ನೊಂದನ್ನೂ ಇರಿಸುವುದು.

ಕಾರಣವನ್ನು ಹೇಳಬಲ್ಲವರು ನಿವೃತ್ತರಾಗುವ ಮುನ್ನ ಆ ಕಂಬಸಾಲು ತುಂಬಬೇಕು. ನೂರು ವರ್ಷಗಳ ಎರಕದ ಅನುಭವವಿರುವ ಭದ್ರಾವತಿಯಂಥ ಊರಿನಲ್ಲಿ ಕಾರ್ಖಾನೆಯ ಭವಿಷ್ಯವೇ ಪ್ರಶ್ನೆಗೆ ಒಳಗಾಗಿರುವಾಗ ಈ ಕೆಲಸವು ಎಂಜಿನಿಯರುಗಳದ್ದು ಮಾತ್ರವೆಂದು ಬಿಡಲಾಗದು. ಹಿರಿಯ ಕುಶಲಕರ್ಮಿಗಳ ಬಾಯಿಂದ ಅಳತೆ, ಗುರುತು, ತಿದ್ದುಪಡಿಗಳ ಕಾರಣಗಳನ್ನು ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯವು ಜಾನಪದ ಅಧ್ಯಯನಕ್ಕೆ ಪರಿಚಿತವಾದುದೇ ಆಗಿದೆ. ಅದನ್ನು ಫೌಂಡ್ರಿಯ ಅಂಗಳಕ್ಕೂ ವಿಸ್ತರಿಸುವುದು ಈ ಜಿಲ್ಲೆಯ ವೃತ್ತಿ ಜಾನಪದದ ಮುಂದಿರುವ ತುರ್ತಿನ ಕಾರ್ಯವೆನ್ನಬಹುದು.