ಮಳೆ ಘಟ್ಟದಲ್ಲಿ, ಹೊಳೆ ದೇವದುರ್ಗದಲ್ಲಿ

ಜುಲೈ ಕೊನೆಯ ವಾರ ರಾಯಚೂರಿನಲ್ಲಿ ಎಷ್ಟೋ ವರ್ಷ ಬಿಸಿಲೇ ಇರುತ್ತದೆ. ಗಾಳಿ ಜೋರು, ಮೋಡವೂ ಓಡುತ್ತದೆ. ಆದರೆ ಹತ್ತಿ, ತೊಗರಿ ಬಿತ್ತಿದವರು ಬಾಡುತ್ತಿರುವ ಸಸಿ ನೋಡುತ್ತ ಮಳೆಗೆ ಕಾಯುತ್ತಿರುತ್ತಾರೆ. ಅದೇ ಹೊತ್ತಿಗೆ ದೇವದುರ್ಗ ತಾಲ್ಲೂಕಿನ ಕೃಷ್ಣಾ ನದಿದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ: ಹೊಳೆಗೆ ಯಾರೂ ಇಳಿಯಬೇಡಿ, ದನಕರು ಬಿಡಬೇಡಿ, ಪಂಪ್‌ಸೆಟ್ ಎತ್ತಿಟ್ಟುಕೊಳ್ಳಿ. ಹೊಲದಲ್ಲಿ ಬರ, ದಂಡೆಯಲ್ಲಿ ನೆರೆ. ಹೊರಗಿನಿಂದ ಬಂದವರಿಗೆ ಇದು ಒಗಟು. ಊರಿನವರಿಗೆ ವರ್ಷವರ್ಷದ ಮಾತು. ಅವರು ಹೊಳೆಯ ಗತಿ ತಿಳಿಯಲು ಆಕಾಶ ನೋಡುವುದಿಲ್ಲ, ಒಬ್ಬರನ್ನೊಬ್ಬರು ಕೇಳುತ್ತಾರೆ: ‘ನೀರು ಎಷ್ಟು ಬಿಟ್ಟಾರ?’

ಉತ್ತರ ಇರುವುದು ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ. ಅದಕ್ಕೂ ಮೇಲೆ ಆಲಮಟ್ಟಿಯಲ್ಲಿ. ಅದಕ್ಕೂ ಮೇಲೆ ಮಹಾರಾಷ್ಟ್ರದ ಕೊಯ್ನಾದಲ್ಲಿ. ಕೊನೆಗೆ ಮಹಾಬಳೇಶ್ವರದ ಮೋಡದಲ್ಲಿ. ಕೃಷ್ಣೆ ಹುಟ್ಟುವ ಆ ಬೆಟ್ಟದ ಮೇಲೆ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ರಾಯಚೂರಿನ ಪಾಲು 600ರ ಆಸುಪಾಸು, ಅದರಲ್ಲೂ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಹೊತ್ತು ತಂದ ನೀರನ್ನು ಅಲ್ಲೇ ಸುರಿಸಿಬಿಡುತ್ತದೆ. ಆಚೆ ಬದಿಗೆ ಇಳಿಯುವಾಗ ಒಣಗಿ, ಬಿಸಿಯಾಗಿ, ಬಯಲುಸೀಮೆಗೆ ಬರಿಗೈಯಲ್ಲಿ ಬರುತ್ತದೆ. ಗಾಳಿ ಕೊಡದ ನೀರನ್ನು ಹೊಳೆ ಹೊತ್ತು ತರುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚಾಗಿ.

ಇದೇ ಗಾಳಿಗೆ ಇನ್ನೊಂದು ಮುಖ ಇದೆ. ಅದನ್ನು ನೋಡಬೇಕಾದರೆ ಕರಾವಳಿಗೆ ಹೋಗಬೇಕು.

ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಮೇಲೆ, ಹಲಗೆ ಹಿಡಿದು ಅಲೆ ಏರುವ ಆಟ ಆ ಭಾಗದ ಹುಡುಗರಿಗೂ ಒಗ್ಗಿತು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ಅಲ್ಲಿನ ಸರ್ಫರ್‌ಗಳಿಗೆ ಗೊತ್ತಿರುವ ಮೊದಲ ಪಾಠವೂ ದೇವದುರ್ಗದವರದೇ: ತಲೆಯ ಮೇಲಿನ ಹವಾಮಾನ ಬೇರೆ, ಕಾಲಡಿಯ ನೀರು ಬೇರೆ. ಗಾಳಿಯೇ ಇಲ್ಲದ ಶಾಂತ ಬೆಳಗಿನಲ್ಲಿ ಎತ್ತರದ, ಸಾಲುಸಾಲಾದ ಅಲೆಗಳು ಬರುವುದುಂಟು. ಅವು ಹುಟ್ಟಿದ್ದು ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ. ಒಂದು ಅಲೆಯ ನೆತ್ತಿ ದಾಟಿ ಇನ್ನೊಂದರ ನೆತ್ತಿ ಬರಲು 15 ಸೆಕೆಂಡ್ ಹಿಡಿದರೆ, ಅಂಥ ಅಲೆಗಳ ಗುಂಪು ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಆರು ಸಾವಿರ ಕಿಲೋಮೀಟರ್ ದಾಟಿ ಮೂಲ್ಕಿ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ವಾರ ಕಳೆದಿರುತ್ತದೆ. ಹುಟ್ಟಿಸಿದ ಬಿರುಗಾಳಿ ಅಷ್ಟೊತ್ತಿಗೆ ಸತ್ತೇ ಹೋಗಿರುತ್ತದೆ.

ಜೂನ್ ಬಂತೆಂದರೆ ಈ ಶಿಸ್ತು ಕೆಡುತ್ತದೆ. ಮುಂಗಾರಿನ ಗಾಳಿ ದಂಡೆಯ ಹತ್ತಿರವೇ ಸಮುದ್ರವನ್ನು ಕಲಕಿ, ಏಳೆಂಟು ಸೆಕೆಂಡಿಗೊಂದರಂತೆ ಒಂದರ ಮೇಲೊಂದು ಮುಗಿಬೀಳುವ ಮುರುಕು ಅಲೆಗಳನ್ನು ಎಬ್ಬಿಸುತ್ತದೆ. ಕಲಿಯುವವರು ಹಲಗೆ ಬದಿಗಿಡುತ್ತಾರೆ. ಯಾಂತ್ರಿಕ ದೋಣಿಗಳಿಗೂ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ. ಮೂಲ್ಕಿಯ ಕಡಲನ್ನು ಕೆಡಿಸಿದ ಆ ಗಾಳಿಯೇ ಮುಂದೆ ಘಟ್ಟದಲ್ಲಿ ಮಳೆಯಾಗಿ, ದೇವದುರ್ಗದ ಹೂವಿನಹೆಡಗಿಯಲ್ಲಿ ಕೆಂಪು ನೀರಾಗಿ ಕಾಣಿಸಿಕೊಳ್ಳುತ್ತದೆ.

ಆ ಕೆಂಪು ನೀರಿನ ಲೆಕ್ಕ ಕ್ಯುಸೆಕ್‌ನಲ್ಲಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಪತ್ರಿಕೆಯಲ್ಲಿ ‘ಒಂದು ಲಕ್ಷ ಕ್ಯುಸೆಕ್ ಬಿಡುಗಡೆ’ ಎಂದು ಓದಿ ಪುಟ ತಿರುಗಿಸುವುದು ಸುಲಭ. ಬೇಸಿಗೆಯಲ್ಲಿ ಓಣಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರನ್ನು ನೆನೆದರೆ ಅಳತೆ ಸಿಕ್ಕೀತು: ಅಂಥ 560 ಟ್ಯಾಂಕರ್ ಪ್ರತಿ ಸೆಕೆಂಡಿಗೂ ಸೇತುವೆ ಕೆಳಗೆ ಹಾದು ಹೋದಂತೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟದ್ದು ಆರು ಲಕ್ಷ ಕ್ಯುಸೆಕ್‌ಗೂ ಮಿಗಿಲು. ಆ ಪ್ರಮಾಣದ ನೀರು 123 ಟಿಎಂಸಿ (ಸಾವಿರ ದಶಲಕ್ಷ ಘನ ಅಡಿ) ಸಾಮರ್ಥ್ಯದ ಆಲಮಟ್ಟಿಯಂಥ ಜಲಾಶಯವನ್ನು ಎರಡೂವರೆ ದಿನದೊಳಗೆ ತುಂಬಿಸಬಲ್ಲದು. 33 ಟಿಎಂಸಿಯ ಬಸವಸಾಗರಕ್ಕೆ ಒಂದು ಹಗಲು, ಮೇಲೆ ಮೂರ್ನಾಲ್ಕು ಗಂಟೆ ಸಾಕು. ಅಣೆಕಟ್ಟೆ ಇದ್ದೂ ಯಾಕೆ ನೆರೆ ಬರುತ್ತದೆ ಎಂದು ಕೇಳುವವರಿಗೆ ಈ ಅಂಕಿಯೇ ಉತ್ತರ. ಆಗಸ್ಟ್ ಮೊದಲ ವಾರಕ್ಕೆ ತುಂಬಿ ನಿಂತ ಜಲಾಶಯ ಬಂದ ನೀರನ್ನು ಮುಂದೆ ಸಾಗಿಸಬಲ್ಲದು ಅಷ್ಟೆ, ಹಿಡಿದಿಡಲಾರದು.

ಆ ಆಗಸ್ಟ್‌ನಲ್ಲಿ ದೇವದುರ್ಗ ಮತ್ತು ಶಹಾಪುರ ತಾಲ್ಲೂಕುಗಳನ್ನು ಬೆಸೆಯುವ ಹೂವಿನಹೆಡಗಿ ಸೇತುವೆ ಮುಳುಗಿತು. ಆಚೆ ದಡ ಕಣ್ಣಿಗೆ ಕಾಣುತ್ತಿದ್ದರೂ ಅಲ್ಲಿಗೆ ಹೋಗಲು ದೂರದ ಸುತ್ತು ಹಾಕಬೇಕಾಯಿತು. ಅದೇ ದಿನಗಳಲ್ಲಿ ದೇಶವೆಲ್ಲ ನೋಡಿದ ಒಂದು ದೃಶ್ಯ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯದು. ನೀರು ಹರಿಯುತ್ತಿದ್ದ ಸೇತುವೆಯ ಅಂಚು ಕಾಣದೆ ಆಂಬುಲೆನ್ಸ್ ನಿಂತಿತ್ತು. ಊರಿನ ಶಾಲಾ ಬಾಲಕನೊಬ್ಬ ನೀರಿಗಿಳಿದು, ಕಾಲಡಿಯ ರಸ್ತೆಯನ್ನು ತಡಕುತ್ತ ಮುಂದೆ ಮುಂದೆ ಹೆಜ್ಜೆ ಹಾಕಿದ. ಗಾಡಿ ಅವನ ಹಿಂದೆ ಸಾಗಿ ದಡ ಸೇರಿತು. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಸಲ್ಲಬೇಕಾದ್ದೇ. ಆದರೆ ಒಂದು ಮಾತು ಸೇರಿಸಬೇಕು: ರಭಸದಲ್ಲಿ ಹರಿಯುವ ನೀರು ಮೊಣಕಾಲು ಮುಟ್ಟಿದರೆ ದೊಡ್ಡವರನ್ನೂ ಕೆಡವುತ್ತದೆ, ಎರಡು ಅಡಿ ಬಂದರೆ ಕಾರನ್ನು ತೇಲಿಸುತ್ತದೆ. ಹನ್ನೆರಡರ ಆಸುಪಾಸಿನ ಹುಡುಗ ಆ ಕೆಲಸ ಮಾಡಬೇಕಾಗಿ ಬಂದದ್ದು ದೊಡ್ಡವರಿಗೆ ಹೆಮ್ಮೆಯ ವಿಷಯವೇನಲ್ಲ.

ಹೂವಿನಹೆಡಗಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ಕೆಳಗೆ, ರಾಯಚೂರು ತಾಲ್ಲೂಕಿನ ದೇವಸೂಗೂರಿನಲ್ಲಿ ಇನ್ನೊಂದು. ಇವೆರಡರ ನಡುವೆ ಕಡ್ಲೂರಿನ ಬಳಿ ಭೀಮಾ ನದಿ ಬಂದು ಕೃಷ್ಣೆಗೆ ಸೇರುವುದರಿಂದ ಎರಡು ಕಡೆಯ ಅಂಕಿ ಒಂದೇ ಆಗಿರುವುದಿಲ್ಲ. ಭೀಮೆಯ ಮೇಲ್ಭಾಗದಲ್ಲಿ ಉಜನಿ ಜಲಾಶಯ. ಅಲ್ಲಿ ಗೇಟು ತೆರೆದರೆ ಕಲಬುರಗಿ, ಯಾದಗಿರಿ ದಾಟಿ ಆ ನೀರೂ ಇಲ್ಲಿಗೇ ಬರಬೇಕು. ನಾರಾಯಣಪುರದ ಹೊರಹರಿವು ಇಳಿದಿದೆ ಎಂದು ಸಮಾಧಾನಪಡುವ ಹೊತ್ತಿಗೆ ದೇವಸೂಗೂರಿನ ಪಕ್ಕದ ಶಕ್ತಿನಗರದ ಹತ್ತಿರ ಹೊಳೆ ಏರುತ್ತಿರುವುದು ಹೀಗೆ. 2020ರ ಅಕ್ಟೋಬರಿನಲ್ಲಿ ಭೀಮಾತೀರ ಕಂಡ ಮಹಾಪೂರದ ನೀರು ಹೋದದ್ದೂ ಇದೇ ದಾರಿಯಲ್ಲಿ.

ಜಿಲ್ಲೆಯ ದಕ್ಷಿಣದ ಅಂಚಿನದು ಬೇರೆಯೇ ಕಥೆ. ಮಾನ್ವಿಯ ಹೊಳೆ ತುಂಗಭದ್ರೆ. ಅದರ ಮಳೆ ಮಹಾರಾಷ್ಟ್ರದ್ದಲ್ಲ, ಮಲೆನಾಡಿನದು. ಶೃಂಗೇರಿ, ತೀರ್ಥಹಳ್ಳಿಗಳಲ್ಲಿ ಎಡೆಬಿಡದೆ ಸುರಿದರೆ ಮೊದಲು ತುಂಬುವುದು ಶಿವಮೊಗ್ಗದ ಪುಟ್ಟ ಗಾಜನೂರು ಅಣೆಕಟ್ಟೆ. ಅಲ್ಲಿ ಗೇಟು ತೆರೆದ ಸುದ್ದಿಗೆ ಮಾನ್ವಿ, ಸಿಂಧನೂರಿನ ಭತ್ತದ ರೈತರು ಖುಷಿಪಡುತ್ತಾರೆ. ಯಾಕೆಂದರೆ ಹೊಸಪೇಟೆಯ ಜಲಾಶಯ ತುಂಬಿದರೆ ಎಡದಂಡೆ ಕಾಲುವೆಗೆ ನೀರು ಖಾತ್ರಿ. ಖಾತ್ರಿ ಎಂದರೂ ಕಾಲುವೆಯ ಕೊನೆಭಾಗದವರಿಗೆ ಅದು ಮುಟ್ಟುತ್ತದೆಯೇ ಎಂಬುದು ಮಾನ್ವಿಯಲ್ಲಿ ವರ್ಷವೂ ರಸ್ತೆಗಿಳಿಯುವ ಪ್ರಶ್ನೆ.

2024ರ ಆಗಸ್ಟ್ 10ರ ರಾತ್ರಿ ಈ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ತುಂಬಿ ನಿಂತಿದ್ದ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಹೊರಹರಿವು ಲಕ್ಷ ಕ್ಯುಸೆಕ್ ಮುಟ್ಟಿತು. ದಂಡೆಯ ಊರುಗಳಿಗೆ ಪ್ರವಾಹದ ಎಚ್ಚರಿಕೆ, ಕಾಲುವೆಯ ಊರುಗಳಿಗೆ ಬೆಳೆ ಒಣಗುವ ಭಯ, ಎರಡೂ ಒಂದೇ ದಿನ ಬಂದವು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ವಾರದೊಳಗೆ ಸೋರಿಕೆ ನಿಲ್ಲಿಸಿದ್ದು ಸಣ್ಣ ಸಾಹಸವಲ್ಲ. ಮಳೆಗಾಲ ಇನ್ನೂ ಬಾಕಿ ಇದ್ದುದರಿಂದ ಜಲಾಶಯ ಮತ್ತೆ ತುಂಬಿತು. ಅಂದು ಹೊಳೆ ಏರಿದ್ದಕ್ಕೆ ಮಳೆ ಕಾರಣವಲ್ಲ, ಒಂದು ಸರಪಳಿ ಕಾರಣ. ಹವಾಮಾನ ಇಲಾಖೆಯ ಯಾವ ನಕ್ಷೆಯಲ್ಲೂ ಅದು ಕಾಣುವಂಥದ್ದಲ್ಲ.

ಹಾಗೆಂದು ತಲೆಯ ಮೇಲಿನ ಮೋಡವನ್ನು ಪೂರ್ತಿ ಮರೆಯುವಂತೆಯೂ ಇಲ್ಲ. 2009ರ ಸೆಪ್ಟೆಂಬರ್ ಕೊನೆ, ಹಸ್ತ ಮಳೆಯ ದಿನಗಳು. ವಾಯುಭಾರ ಕುಸಿತದಿಂದ ಎದ್ದ ಮೋಡ ಘಟ್ಟವನ್ನು ಬಿಟ್ಟು ರಾಯಚೂರು, ಬಾಗಲಕೋಟೆ, ವಿಜಯಪುರ, ಕರ್ನೂಲು ಸೀಮೆಯ ಮೇಲೆಯೇ ನಿಂತು ಸುರಿಯಿತು. ವರ್ಷದಲ್ಲಿ ಬೀಳಬೇಕಾದದ್ದರ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಬಿತ್ತು. ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು. ಹಳ್ಳಗಳೆಲ್ಲ ಒಟ್ಟಿಗೆ ಬಂದು ತುಂಗಭದ್ರೆ ಉಕ್ಕಿತು. ಅಕ್ಟೋಬರ್ 2ರ ಹೊತ್ತಿಗೆ ಹೊಳೆಯಾಚೆಯ ಮಂತ್ರಾಲಯ ಜಲಾವೃತವಾಯಿತು, ಕರ್ನೂಲು ನಗರ ಮುಳುಗಿತು. ಉತ್ತರ ಕರ್ನಾಟಕದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಘಟ್ಟದ ನೀರಿಗೆ ದಾರಿ ದೂರ. ಎಚ್ಚರಿಸಲು ಒಂದೆರಡು ದಿನ ಸಿಗುತ್ತದೆ. ಮನೆಯ ಮೇಲೇ ಬಿದ್ದ ಮಳೆ ಹಳ್ಳಕ್ಕಿಳಿದು ಊರಿಗೆ ನುಗ್ಗಲು ಗಂಟೆಗಳೂ ಬೇಕಿಲ್ಲ. ರಾಯಚೂರಿನ ನಿಜವಾದ ಅಪಾಯದ ತಿಂಗಳು ಸುದ್ದಿಯಲ್ಲಿರುವ ಆಗಸ್ಟ್ ಅಲ್ಲ, ಎಲ್ಲರೂ ಮಳೆಗಾಲ ಮುಗಿಯಿತೆಂದು ಎಣಿಸುವ ಸೆಪ್ಟೆಂಬರ್ ಕೊನೆ ಎಂದೇ ಹೇಳಬೇಕಾಗುತ್ತದೆ.

ಈ ಎರಡೂ ಬಗೆಯ ನೀರನ್ನು ದಿನನಿತ್ಯ ಎದುರಿಸುವವರು ಕೃಷ್ಣೆಯ ನಡುಗಡ್ಡೆಗಳ ಜನ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದ, ನಾರದಗಡ್ಡೆಗಳ ಸುತ್ತ ಹೊಳೆ ಕವಲೊಡೆದು ಹರಿಯುತ್ತದೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರಕ್ಕೆ ಹೋಗುವ ಭಕ್ತರೂ ಆತ್ಕೂರಿನ ಕಡೆಯಿಂದ ಹೊಳೆ ದಾಟುತ್ತಾರೆ. ಇಲ್ಲಿನ ಹಳೆಯ ವಾಹನ ಹರಿಗೋಲು: ಬಿದಿರಿನ ದುಂಡು ಬುಟ್ಟಿ, ಹೊರಗೆ ತಾಡಪಾಲು, ಅದಕ್ಕೆ ಡಾಂಬರು. ಹಿಂದೆ ತೊಗಲು ಹೊದಿಸುತ್ತಿದ್ದರು. ತಳ ಚಪ್ಪಟೆ ಇರುವುದರಿಂದ ಬಂಡೆಗಳ ನಡುವೆ ಅಷ್ಟಿಷ್ಟು ನೀರಿದ್ದರೂ ಸಾಗುತ್ತದೆ. ಆದರೆ ಅದಕ್ಕೆ ಮೂತಿ ಇಲ್ಲ, ಚುಕ್ಕಾಣಿ ಇಲ್ಲ. ಸೆಳೆತ ಹೆಚ್ಚಾದರೆ ಗಿರಗಿರ ತಿರುಗುತ್ತದೆ, ಗಾಳಿ ಬೀಸಿದತ್ತ ಸರಿಯುತ್ತದೆ. ಹೀಗಾಗಿ ಅನುಭವಿ ಅಂಬಿಗ ಗುರಿಯ ನೇರಕ್ಕೆ ಹೊರಡುವುದಿಲ್ಲ. ದಂಡೆಗುಂಟ ಮೇಲಕ್ಕೆ ಹೋಗಿ, ಅಲ್ಲಿಂದ ಹುಟ್ಟು ಹಾಕುತ್ತ ಓರೆಯಾಗಿ ಇಳಿದು ಆಚೆ ದಡ ಹಿಡಿಯುತ್ತಾನೆ. ನೀರಿನ ಬಣ್ಣ, ತೇಲಿ ಬರುವ ಕಸ, ನಿನ್ನೆ ಕಾಣುತ್ತಿದ್ದ ಬಂಡೆ ಇಂದು ಮುಳುಗಿದೆಯೇ ಎಂಬುದು ಅವನ ಮಾಪಕ.  ಕೆಳಗಡೆ ತೆಲಂಗಾಣದ ಜುರಾಲಾ ಜಲಾಶಯದ ಹಿನ್ನೀರು ಒತ್ತಿದಾಗ ಮೇಲಿನಿಂದ ಬಂದ ನೀರಿಗೂ ಬೇಗ ಇಳಿಯಲು ದಾರಿ ಇರುವುದಿಲ್ಲ.

2020ರ ಆಗಸ್ಟ್‌ನಲ್ಲಿ ಕುರ್ವಕಲಾದಿಂದ ಸಂತೆ ಸಾಮಾನಿಗಾಗಿ ತೆಲಂಗಾಣದ ದಡಕ್ಕೆ ಹೊರಟ ಹರಿಗೋಲು ಮಗುಚಿತು. ಒಂಬತ್ತು ಮಂದಿ ಬದುಕಿ ಬಂದರು, ನಾಲ್ವರು ನೀರುಪಾಲಾದರು.

ಇಲ್ಲಿ ಮತ್ತೆ ಮೂಲ್ಕಿಯ, ಅಲ್ಲಿನ ಕಡಲಿಗೆ ಸಿಗುವ ಮುನ್ಸೂಚನೆಯ ನೆನಪಾಗದೆ ಇರದು. ರಾಯಚೂರಿನಿಂದ ರೈಲಿನಲ್ಲಿ ಹೋಗಬಹುದಾದ, ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಕೇಂದ್ರ ಇದೆ. ಅಲೆಯ ಎತ್ತರ, ಬರುವ ದಿಕ್ಕು, ಅಲೆಗಳ ನಡುವಿನ ಅಂತರ, ಗಾಳಿ, ಎಲ್ಲವನ್ನೂ ಅದು ಮುಂಚಿತವಾಗಿ ಹೇಳುತ್ತದೆ. ದೂರದಿಂದ ಸುಳಿವಿಲ್ಲದೆ ಬಂದೆರಗುವ ‘ಕಳ್ಳಕ್ಕಡಲ್’ ಅಲೆಗಳಿಗೂ ಎಚ್ಚರಿಕೆ ಕೊಡುತ್ತದೆ. ರಜೆ ಕಳೆಯಲು ಬಂದ ಪ್ರವಾಸಿ ಸಸಿಹಿತ್ಲುವಿನಲ್ಲಿ ಫೋನ್ ತೆಗೆದು, ನಾಳೆ ಬೆಳಗ್ಗೆ ತನ್ನಂಥ ಹೊಸಬ ನೀರಿಗಿಳಿಯಬಹುದೇ ಎಂದು ತಿಳಿದುಕೊಳ್ಳಬಲ್ಲ. ಹೊಳೆಗೂ ಅಂಕಿಗಳಿಗೆ ಕೊರತೆಯಿಲ್ಲ. ಆಲಮಟ್ಟಿ, ನಾರಾಯಣಪುರಗಳ ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ಬರುತ್ತದೆ. ಕೇಂದ್ರ ಜಲ ಆಯೋಗ 2023ರಲ್ಲಿ ಫ್ಲಡ್‌ವಾಚ್ ಎಂಬ ಆ್ಯಪ್ ತಂದಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಆದರೆ ಇವೆಲ್ಲ ಅಣೆಕಟ್ಟೆಯ ಎಂಜಿನಿಯರಿಗೆ, ಸೇತುವೆ ಮುಚ್ಚುವ ಅಧಿಕಾರಿಗೆ, ಬಿತ್ತನೆಯ ರೈತನಿಗೆ ಹೊಂದುವ ಲೆಕ್ಕ. ಇಷ್ಟು ಕ್ಯುಸೆಕ್ ಇದ್ದಾಗ, ಇಂಥ ಗಾಳಿಯಲ್ಲಿ, ಇಷ್ಟು ಜನ ತುಂಬಿದ ಹರಿಗೋಲು ಈ ದಡದಿಂದ ಬಿಡಬಾರದು ಎಂದು ಅಂಬಿಗನಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದಕ್ಕೆ ಹೊಸ ಉಪಗ್ರಹ ಬೇಕಿಲ್ಲ. ಆತ್ಕೂರಿನಂಥ ದಡದ ಬಂಡೆಗೆ ಮೂರು ಬಣ್ಣದ ಗುರುತು ಬಳಿದು, ಅದನ್ನು ನಾರಾಯಣಪುರದ ಹೊರಹರಿವಿಗೆ ಹೊಂದಿಸಿದರೂ ಸಾಕು.

ಈಗ ಆಗುವುದು ಇಷ್ಟು: ಬಿಡುಗಡೆ ಹೆಚ್ಚಾದಾಗ ಹರಿಗೋಲಿಗೆ ನಿಷೇಧ ಬೀಳುತ್ತದೆ, ಬೇಕಾದರೆ ವಿಪತ್ತು ನಿರ್ವಹಣಾ ಪಡೆಯ ಬೋಟು ಬರುತ್ತದೆ. ನಡುಗಡ್ಡೆಯವರ ರೇಷನ್, ಆಸ್ಪತ್ರೆ, ಕೂಲಿ, ಮಕ್ಕಳ ಹೈಸ್ಕೂಲು ಮಾತ್ರ ನಿಷೇಧದ ದಿನವೂ ಆಚೆ ದಡದಲ್ಲೇ ಇರುತ್ತವೆ. ಸೇತುವೆಯ ಬೇಡಿಕೆ ಹಳೆಯದು.