ಹಳೆ ಓಮ್ನಿಯ ಸೀಟು, ನಮ್ಮ ಹೊಲಿಗೆ ಯಂತ್ರ



ರವಿಕೆ ಹೊಲಿದು ಬರುವ ದುಡ್ಡು ಸಾಲುವುದಿಲ್ಲ ಎಂದು ಕೆರಾಡಿಯ ಕೆಲವು ಅಕ್ಕಂದಿರು ನಮ್ಮಲ್ಲಿ ಹೇಳಿದ್ದುಂಟು. ಹಳೆಯ ಓಮ್ನಿಯ ಮುಂದಿನ ಸೀಟನ್ನು ನೋಡಿದ್ದೀರಲ್ಲ? ಆ ಗಾಡಿಯ ತಯಾರಿ 2019ರಲ್ಲೇ ನಿಂತಿದೆ. ಅದರ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಕೆಳಗಿನಿಂದ ಎಂಜಿನ್ ಬಿಸಿ, ಮೇಲಿನಿಂದ ಬಿಸಿಲು; ರೆಕ್ಸಿನ್ ಒಣಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಆ ಬಿರುಕಿನಿಂದ ನೀರಿಳಿದು ಸ್ಪಂಜು ವಾಸನೆ ಬರುತ್ತದೆ.

ಹರಿದ ಕವರನ್ನು ಎಸೆಯಬೇಡಿ, ಅಳತೆ ಇರುವುದೇ ಅದರಲ್ಲಿ. ಪ್ರತಿ ತುಂಡಿಗೂ ನಂಬರು ಬರೆದು, ಆಮೇಲೆ ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಹೊಸ ರೆಕ್ಸಿನ್ ಮೇಲಿಟ್ಟು ಕತ್ತರಿಸಿ. ನಾವು ಮೊದಲ ಸಲ ಟೇಪು ಹಿಡಿದು ಕತ್ತರಿಸಿ ಒಂದಿಡೀ ಸೀಟಿನ ರೆಕ್ಸಿನ್ ಹಾಳು ಮಾಡಿದೆವು!

ಸೂಜಿ 18ನೇ ನಂಬರಿನದು, ನೂಲು ನೈಲಾನ್ ಅಥವಾ ಪಾಲಿಯೆಸ್ಟರ್. ಹತ್ತಿ ನೂಲು ತೇವಕ್ಕೆ ಕೊಳೆಯುತ್ತದೆ. ರವಿಕೆಯ ಹಾಗೆ ಒತ್ತೊತ್ತಾಗಿ ಹೊಲೀಬೇಡಿ. ಸೂಜಿಯ ತೂತು ರೆಕ್ಸಿನ್‌ನಲ್ಲಿ ಮುಚ್ಚಿಕೊಳ್ಳುವುದಿಲ್ಲ. ತೂತು ಹತ್ತಿರವಾದರೆ ಅಂಚೆಚೀಟಿ ಹಾಳೆಯಂತೆ ಸಾಲಿಗೆ ಹರಿಯುತ್ತದೆ. ಇಂಚಿಗೆ ಆರೇಳು ಹೊಲಿಗೆ ಸಾಕು. ಗುಂಡುಸೂಜಿಯೂ ಬೇಡ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ.

ಸೀಟು ಬಿಚ್ಚುವುದು, ಬೋಲ್ಟು ಬಿಗಿಯುವುದು ಗ್ಯಾರೇಜಿನವರ ಕೆಲಸ. ಅಡಿಯಲ್ಲಿ ಶಾಖ ತಡೆಯುವ ಹಾಳೆಯಿದ್ದರೆ ಕೀಳಬೇಡಿ; ಎಂಜಿನ್ ಕಡೆಗೆ ಬಟ್ಟೆ, ಸ್ಪಂಜು ಜೋತುಬೀಳದಿರಲಿ, ಬೆಂಕಿಯ ಭಯವಿದೆ. ಫ್ರೇಮು ತುಕ್ಕು ಹಿಡಿದಿದ್ದರೆ ಹೊಸ ಕವರಿನಲ್ಲಿ ಮುಚ್ಚಿ ಕೊಡುವುದು ಮೋಸವೇ. ಗಾಡಿಯವರನ್ನು ಕರೆದು ತೋರಿಸಿ, ವೆಲ್ಡಿಂಗ್ ಆದ ಮೇಲೇ ಕೈ ಹಚ್ಚಿ. ರೆಕ್ಸಿನ್, ಸ್ಪಂಜಿನ ದುಡ್ಡು ಮುಂಗಡ ಪಡೆಯಿರಿ, ಮಜೂರಿ ಬೇರೆಯೇ ಬರೆಯಿರಿ.