ಬಿಸಿಲಿಗೆ ಹಚ್ಚುವ ಕ್ರೀಮು: ಯಾರಿಗೆ, ಯಾವುದು, ಎಷ್ಟು?



ಹಿಂದೆ ಪಟ್ಟಣದವರ ವಸ್ತುವಾಗಿದ್ದ ಸನ್‌ಸ್ಕ್ರೀನ್ ಈಗ ನಮ್ಮ ಬೆಟ್ಟದ ಮೇಲಿನ ಊರುಗಳಿಗೂ ಬಂದಿದೆ. ಕಾಲೇಜಿಗೆ ಹೋಗುವ ಮಕ್ಕಳು ಕೇಳುತ್ತಾರೆ, ತಾಯಂದಿರು ಅನುಮಾನಿಸುತ್ತಾರೆ. ಅದು ಬೆಳ್ಳಗಾಗುವ ಕ್ರೀಮೇ, ಔಷಧಿಯೇ, ಬರೀ ಶೋಕಿಯೇ ಎಂದು ನನ್ನನ್ನೂ ಕೆಲವರು ಕೇಳಿದ್ದಾರೆ. ನಾನು ವೈದ್ಯನಲ್ಲ. ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಆದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ಪೆಟ್ಟು ತಿಂದೆವು. ಅದರಿಂದ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನನ್ನ ತಂಗಿಗೆ ಎರಡೂ ಕೆನ್ನೆಯ ಮೇಲೆ ಭಂಗು ಬಂದಿತ್ತು. ನಾವು ಭಂಗು ಎನ್ನುವುದನ್ನು ತಮಿಳಿನವರು ಮಂಗು ಎನ್ನುತ್ತಾರೆ. ಯಾರೋ ಹೇಳಿದರೆಂದು ಅಂಗಡಿಯೊಂದರಿಂದ ಒಂದು ಸಣ್ಣ ಟ್ಯೂಬು ತಂದು ಹಚ್ಚಿದಳು. ಹದಿನೈದೇ ದಿನದಲ್ಲಿ ಮುಖ ತಿಳಿಯಾಯಿತು, ಮನೆಯವರೆಲ್ಲ ಮೆಚ್ಚಿದೆವು. ನಾಲ್ಕೈದು ತಿಂಗಳು ಕಳೆಯುವಷ್ಟರಲ್ಲಿ ಚರ್ಮ ತೆಳುವಾಗಿ ಕೆಂಪಡರಿತು, ಮೊಡವೆ ಎದ್ದವು, ಗಲ್ಲದಲ್ಲಿ ಕೂದಲು ಕಾಣಿಸಿತು. ಹಚ್ಚುವುದನ್ನು ಬಿಟ್ಟರೆ ಉರಿ, ಹಚ್ಚಿದರೆ ಬಿಸಿಲಿಗೆ ನಿಲ್ಲುವಂತಿಲ್ಲ. ಚರ್ಮದ ವೈದ್ಯರು ಟ್ಯೂಬನ್ನು ತಿರುಗಿಸಿ ನೋಡಿ, ಇದರಲ್ಲಿ ಸ್ಟಿರಾಯ್ಡ್ ಇದೆ ಎಂದರು. ಈ ಮುಖಕ್ಕೆ ಮೊದಲು ಬೇಕಾಗಿದ್ದುದು ಬಿಳುಪಲ್ಲ, ಬಿಸಿಲಿನಿಂದ ಮರೆ ಎಂದೂ ಹೇಳಿದರು. ಇಂದಿನ ನನ್ನ ಮಾತಿನ ತಿರುಳೂ ಅದೇ.

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಮತ್ತು ಮೈಗೆ ತಾಗುವ ಶಾಖವಲ್ಲದೆ ಅತಿನೇರಳೆ ಕಿರಣಗಳೂ ಇವೆ. ನೆಲ ಮುಟ್ಟುವ ಈ ಕಿರಣಗಳಲ್ಲಿ ಎರಡು ಬಗೆ. 'ಬಿ' ಬಗೆಯದು ಚರ್ಮದ ಮೇಲ್ಪದರವನ್ನು ಸುಡುತ್ತದೆ. 'ಎ' ಬಗೆಯದು ಆಳಕ್ಕೆ ಇಳಿದು ಕಪ್ಪು ಕಲೆಯನ್ನೂ ಸುಕ್ಕನ್ನೂ ತರುತ್ತದೆ. ಮಾಮೂಲಿ ಕಿಟಕಿಯ ಗಾಜು 'ಬಿ' ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ 'ಎ' ಕಿರಣವನ್ನು ಒಳಗೆ ಬಿಡುತ್ತದೆ. ಬಹಳ ವರ್ಷ ನಾನು ಕಿಟಕಿಯ ಪಕ್ಕದ ಕೌಂಟರಿನಲ್ಲಿ ಕುಳಿತಿದ್ದೆ. ಕಿಟಕಿಯ ಕಡೆಗಿದ್ದ ಎಡಗೈ ಬಲಗೈಗಿಂತ ಕಪ್ಪಾದದ್ದು ಏಕೆಂದು ನಿವೃತ್ತಿಯ ನಂತರ ತಿಳಿಯಿತು.

ನಮ್ಮ ಬೆಟ್ಟದಲ್ಲಿ ಒಂದು ಮೋಸವಿದೆ. ದಿಂಬಂ ಘಾಟಿಯ 27 ತಿರುವು ಹತ್ತಿ ಮೇಲೆ ಬಂದವರಿಗೆ ಗಾಳಿ ತಂಪಾಗಿರುತ್ತದೆ, ಬಿಸಿಲು ಎಳೆಯದು ಅನ್ನಿಸುತ್ತದೆ. ಆದರೆ ತಂಪಿಗೂ ಅತಿನೇರಳೆ ಕಿರಣಕ್ಕೂ ಸಂಬಂಧವಿಲ್ಲ. ಸಾವಿರ ಮೀಟರ್ ಎತ್ತರ ಏರಿದರೆ ಈ ಕಿರಣ ಶೇಕಡ 10ರಷ್ಟು ಹೆಚ್ಚುತ್ತದೆ. ತೆಳು ಮೋಡ, ಮಂಜು ಇದ್ದರೂ ಬಹುಪಾಲು ಒಳಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಏಪ್ರಿಲ್ 20ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 22ರ ಆಸುಪಾಸಿನಲ್ಲಿ ಇನ್ನೊಮ್ಮೆ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಕವಿದಿರುವುದರಿಂದ ಅದು ನಮಗೆ ಗೊತ್ತಾಗುವುದೇ ಇಲ್ಲ. ಗಡಿಯಾರ ಬೇಡ, ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳು ನಿಮಗಿಂತ ಗಿಡ್ಡಗಿದ್ದರೆ ಬಿಸಿಲು ಕಟುವಾಗಿದೆ ಎಂದು ತಿಳಿಯಿರಿ.

ಹಾಗೆಂದು ಎಲ್ಲರೂ ಹೆದರಬೇಕಾಗಿಲ್ಲ. ನಮ್ಮ ಕಂದು ಬಣ್ಣವೇ ದೇವರು ಕೊಟ್ಟ ಕೊಡೆ. ಮೆಲನಿನ್ ಎಂಬ ಬಣ್ಣದ ವಸ್ತು ಕಿರಣವನ್ನು ಹೀರಿಕೊಂಡು ಒಳಗಿನ ಜೀವಕೋಶವನ್ನು ಕಾಯುತ್ತದೆ. ಆದ್ದರಿಂದ ಬಿಳಿಯ ಜನರಲ್ಲಿ ಹೆಚ್ಚಾಗಿರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ನಮ್ಮವರಿಗೆ ಸನ್‌ಸ್ಕ್ರೀನ್ ಮುಖ್ಯವಾಗಿ ಬೇಕಾಗುವುದು ಭಂಗು ಇರುವವರಿಗೆ, ತೊನ್ನಿನ ಮಚ್ಚೆ ಇರುವವರಿಗೆ, ಬಿಸಿಲಿಗೆ ಗಂಧೆ ಏಳುವವರಿಗೆ. ಇವರೆಲ್ಲರಿಗಿಂತ ಮೊದಲು ಬೇಕಾದದ್ದು ಹುಟ್ಟಿನಿಂದಲೇ ಚರ್ಮ, ಕೂದಲು, ರೆಪ್ಪೆ ಎಲ್ಲವೂ ಬಿಳಿಯಾಗಿರುವ ಮಕ್ಕಳಿಗೆ. ಆ ಮಕ್ಕಳಲ್ಲಿ ಮೆಲನಿನ್ ಇಲ್ಲ, ಅಥವಾ ತೀರ ಕಡಿಮೆ. ಬಿಸಿಲಿನಲ್ಲಿ ಬೆಳೆದರೆ ಎಳೆ ವಯಸ್ಸಿಗೇ ಚರ್ಮದ ಕ್ಯಾನ್ಸರ್ ಬರಬಹುದು. ಅದು ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ಅಂಥ ಮಗು ನಿಮ್ಮ ಬೀದಿಯಲ್ಲಿದ್ದರೆ, ದಯವಿಟ್ಟು ಅದರ ತಾಯಿಗೆ ಈ ಮಾತು ತಲುಪಿಸಿ. ತುಂಬುದೋಳಿನ ಅಂಗಿ, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್ ಮೂರೂ ಆ ಮಗುವಿಗೆ ಅನ್ನದಷ್ಟೇ ಅಗತ್ಯ.

ಇನ್ನು ಕೊಳ್ಳುವ ವಿಚಾರ. ಟ್ಯೂಬಿನ ಮೇಲೆ ಎಸ್‌ಪಿಎಫ್ ಎಂದು ಬರೆದು ಮುಂದೆ ಒಂದು ಅಂಕಿ ಇರುತ್ತದೆ. ಇದು 'ಬಿ' ಕಿರಣದ ಲೆಕ್ಕ. ನೂರನ್ನು ಆ ಅಂಕಿಯಿಂದ ಭಾಗಿಸಿದರೆ ಎಷ್ಟು ಕಿರಣ ಒಳಗೆ ನುಸುಳುತ್ತದೆಂದು ಬರುತ್ತದೆ. 15 ಆದರೆ ನೂರರಲ್ಲಿ ಸುಮಾರು 7, 30 ಆದರೆ 3ಕ್ಕೆ ತುಸು ಹೆಚ್ಚು, 50 ಆದರೆ 2. ಮೂವತ್ತಕ್ಕೂ ಐವತ್ತಕ್ಕೂ ಇರುವ ಅಂತರ ಒಂದು ಚಿಲ್ಲರೆ ಮಾತ್ರ. ಬೆಲೆಯ ಅಂತರ ದೊಡ್ಡದಾದರೆ 30 ಸಾಕು. 'ಎ' ಕಿರಣಕ್ಕೆ ಪಿಎ ಎಂಬ ಅಕ್ಷರದ ಮುಂದೆ ಕೂಡಿಸುವ ಚಿಹ್ನೆಗಳಿರುತ್ತವೆ. ಮೂರು ಅಥವಾ ನಾಲ್ಕು ಚಿಹ್ನೆ ಇರುವುದನ್ನು ಆರಿಸಿ. ಇಲ್ಲವಾದರೆ ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತಾದರೂ ಇರಲಿ. ಭಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಐರನ್ ಆಕ್ಸೈಡ್ ಬೆರೆತ ಮಣ್ಣಿನ ಬಣ್ಣದ ಕ್ರೀಮು ಅವರಿಗೆ ಹೆಚ್ಚು ಒಳ್ಳೆಯದು. ತಯಾರಿಕೆಯ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಕೊನೆಯ ತಾರೀಕು ಇಲ್ಲದ ಟ್ಯೂಬನ್ನು ಸಂತೆಯಲ್ಲಿ ಎಷ್ಟೇ ಅಗ್ಗವಾಗಿ ಕೊಟ್ಟರೂ ಮುಟ್ಟಬೇಡಿ.

ಟ್ಯೂಬಿನ ಹಿಂಬದಿಯಲ್ಲಿ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಸನ್‌ಸ್ಕ್ರೀನ್ ಅಲ್ಲ, ಸ್ಟಿರಾಯ್ಡ್. ಎಡಬದಿಯಲ್ಲಿ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ ಎಂದರ್ಥ. ಇಂಥ ಮುಲಾಮುಗಳ ಮಾರಾಟದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಆದರೂ ಕೌಂಟರಿನಲ್ಲಿ ಕೇಳಿದವರಿಗೆ ಕೊಡುವವರು ಇದ್ದಾರೆ. ಇಂಗ್ಲಿಷ್ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಓದಿಸಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿರುವವರು ವೈದ್ಯರನ್ನು ಕೇಳಿಯೇ ಬಿಡಬೇಕು. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯೋ ಪೆರುಂದುರೈನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೋ, ನಿಮಗೆ ಯಾವ ಬಸ್ಸು ಅನುಕೂಲವೋ ಅಲ್ಲಿಗೆ ಹೋಗಿ.

ಹಚ್ಚುವ ಪ್ರಮಾಣದಲ್ಲಿ ನಾವೆಲ್ಲ ಜಿಪುಣರು. ಟ್ಯೂಬಿನ ಮೇಲಿನ ಅಂಕಿ ನಿಜವಾಗಬೇಕಾದರೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು. ಅಂದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಎಳೆದಷ್ಟು, ಮುಖ ಕತ್ತಿಗೆ ಮಾತ್ರ. ಅರ್ಧ ಹಚ್ಚಿದರೆ ರಕ್ಷಣೆ ತೀರ ಇಳಿದುಹೋಗುತ್ತದೆ. ಹೊರಡುವುದಕ್ಕೆ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ, ಬೆವರು ಒರೆಸಿದಾಗಲೆಲ್ಲ ಮತ್ತೆ ಹಚ್ಚಬೇಕು. ಕಿವಿಯನ್ನೂ ಕತ್ತಿನ ಹಿಂಭಾಗವನ್ನೂ ಮರೆಯಬಾರದು. ಆರು ತಿಂಗಳೊಳಗಿನ ಕೂಸಿಗೆ ಹಚ್ಚದೆ ನೆರಳಿನಲ್ಲೇ ಇಡಿ.

ಈಗ ಗುಮಾಸ್ತನ ಲೆಕ್ಕ ಕೇಳಿ. ಒಂದು ಸಲಕ್ಕೆ ಒಂದೂಕಾಲು ಗ್ರಾಂ ಎಂದಿಟ್ಟುಕೊಂಡರೆ, ದಿನಕ್ಕೆ ಎರಡು ಸಲ ಹಚ್ಚುವವರಿಗೆ 50 ಗ್ರಾಂ ಟ್ಯೂಬು ಬರುವುದು 20 ದಿನ. ಕೋಸು, ಅರಿಶಿನ, ಚೆಂಡುಹೂವಿನ ಹೊಲದಲ್ಲಿ ಬೆಳಗಿನಿಂದ ಬಗ್ಗಿ ದುಡಿಯುವವರಿಗೆ ಎರಡು ಸಲವೂ ಸಾಲದು. ಕೂಲಿಯಲ್ಲಿ ಈ ಖರ್ಚು ಏಳುವುದಿಲ್ಲ. ಆದ್ದರಿಂದ ಬಟ್ಟೆ ಮೊದಲು, ಕ್ರೀಮು ಆಮೇಲೆ.

ನಮ್ಮ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುದೋಳಿನ ಶರಟು ತೊಟ್ಟು, ತಲೆಗೆ ಟವೆಲು ಸುತ್ತಿ ಹೊಲಕ್ಕೆ ಇಳಿಯುತ್ತಾರಲ್ಲ, ಅದು ಯಾವ ಕ್ರೀಮಿಗೂ ಕಡಿಮೆಯಲ್ಲ. ಬೆವರಿಗೆ ಕರಗುವುದಿಲ್ಲ, ಒಗೆದರೆ ನಾಳೆಗೂ ಬರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಬೆಳಕು ಕಡಿಮೆ ನುಸುಳುವ ಒತ್ತು ನೇಯ್ಗೆ ಒಳ್ಳೆಯದು. ಟವೆಲು ನೆತ್ತಿಯನ್ನು ಕಾಯುತ್ತದೆ, ಆದರೆ ಕೆನ್ನೆಯನ್ನು ಕಾಯುವುದಿಲ್ಲ. ಅದರ ಮೇಲೆ ಅಗಲ ಅಂಚಿನ ಟೋಪಿ ಇದ್ದರೆ ಭಂಗಿನವರಿಗೆ ಅರ್ಧ ಚಿಕಿತ್ಸೆ ಆದಂತೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟು ಕಪ್ಪಾಗುತ್ತದೆ. ಮುಖ, ಕತ್ತು, ಮೊಣಕೈಯ ಮಡಿಕೆ ಕಡಿದು ದಪ್ಪಗಾಗಿದ್ದರೆ ಅದು ಬಿಸಿಲೊಂದರ ಕೆಲಸ ಅಲ್ಲದಿರಬಹುದು. ಬದುವಿನ ಕಾಂಗ್ರೆಸ್ ಗಿಡದ ಧೂಳಿಗೂ ಹಾಗಾಗುತ್ತದೆ, ಅದಕ್ಕೆ ಸನ್‌ಸ್ಕ್ರೀನ್ ಮದ್ದಲ್ಲ.

ನನ್ನ ತಂಗಿಯ ಮುಖ ಸುಧಾರಿಸಲು ಒಂದು ವರ್ಷ ಹಿಡಿಯಿತು. ಭಂಗು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಈಗ ಅವಳು ಹೊಲಕ್ಕೆ ಹೋಗುವಾಗ ಟೋಪಿ ಹಾಕುತ್ತಾಳೆ. ಮೊದಮೊದಲು ನಕ್ಕವರು ಈಗ ಅದು ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ. ಸನ್‌ಸ್ಕ್ರೀನ್ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ, ಇರುವ ಚರ್ಮವನ್ನು ಕಾಪಾಡುತ್ತದೆ, ಅಷ್ಟೇ. ಬೆಳ್ಳಗೆ ಮಾಡುತ್ತೇನೆಂದು ಯಾರಾದರೂ ಟ್ಯೂಬು ಕೊಟ್ಟರೆ, ದುಡ್ಡು ಎಣಿಸುವ ಮೊದಲು ಅದರ ಬೆನ್ನನ್ನು ಓದಿ.